ಮಹಾವೀರಾಚಾರ್ಯನ ಸಂಖ್ಯಾಹಾರ

12345654321 ಎಂಬ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅದರ ಹನ್ನೊಂದು ಅಂಕೆಗಳು ಒಂದರಿಂದ ಆರರವರೆಗೆ ಏರಿ, ಬಳಿಕ ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುತ್ತವೆ. ಬೆಲೆಯಾದರೋ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಗಿಲು.

ಈ ಸಂಖ್ಯೆ ನಮ್ಮ ನಾಡಿಗೆ ಹೊಸತಲ್ಲ. ಮಾನ್ಯಖೇಟವನ್ನು, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು, ರಾಜಧಾನಿಯಾಗಿ ಮಾಡಿಕೊಂಡು ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಬರುವ ಗುಣಾಕಾರದ ಲೆಕ್ಕಗಳಲ್ಲಿ ಒಂದು ಹೀಗಿದೆ:

27994681 × 441 = 12345654321

ಇಂತಹ ಗುಣಲಬ್ಧಗಳನ್ನು ಆಚಾರ್ಯನು ಕೊರಳ ಹಾರಗಳಿಗೆ ಹೋಲಿಸಿದ್ದಾನೆ. ಗುಣ್ಯ ಗುಣಕಗಳಲ್ಲಿ ಯಾವ ಕ್ರಮವೂ ಕಾಣದು. ಆದರೂ ಅವುಗಳಿಂದ ಇಷ್ಟು ಕ್ರಮಬದ್ಧವಾದ ಫಲ ಹುಟ್ಟುವುದು ಹೇಗೆ?

ಮೊದಲು 111ನ್ನು 111ರಿಂದ ಗುಣಿಸಿ ನೋಡೋಣ. 111, 1110, 11100 ಇವುಗಳನ್ನು ಒಂದರ ಕೆಳಗೊಂದು ಬರೆದು ಕೂಡಿದರೆ, ಕಂಬಸಾಲುಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು, ಎರಡು, ಒಂದು ಒಂದುಗಳು ಬೀಳುತ್ತವೆ. ಮೊತ್ತ 12321. ಇದೇ ರೀತಿ 111111ರ ವರ್ಗವೇ 12345654321. ಆರು ಸಾಲುಗಳಿರುವುದರಿಂದ ನಡುವಿನ ಕಂಬದಲ್ಲಿ ಆರು ಒಂದುಗಳು ಸೇರುತ್ತವೆ.

ಇನ್ನು 111111ನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ 3 × 7 × 11 × 13 × 37 ಎಂದಾಗುತ್ತದೆ. ಇವುಗಳಲ್ಲಿ 3 × 7 = 21; ಉಳಿದ 11 × 13 × 37 = 5291. ಈಗ 21ರ ವರ್ಗ 441. 5291ರ ವರ್ಗ 27994681! ಲೆಕ್ಕದ ಗುಟ್ಟು ಇಲ್ಲಿ ಬಯಲಾಗುತ್ತದೆ. ಒಂದು ವರ್ಗಸಂಖ್ಯೆಯನ್ನೇ ಎರಡು ಸಣ್ಣ ವರ್ಗಗಳಾಗಿ ಒಡೆದಿರುವುದರಿಂದ ಹಾರದ ದಾರ ಕಣ್ಣಿಗೆ ಮರೆಯಾಗಿದೆ.

ನಮ್ಮ ಸಂಖ್ಯೆಯಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಬಾರಿ ಬರುತ್ತವೆ. ಭಾಜಕವೊಂದನ್ನು ರಚಿಸುವಾಗ ಪ್ರತಿಯೊಂದು ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಬಾರಿ ತೆಗೆದುಕೊಳ್ಳಬಹುದು. ಹೀಗೆ ಒಂದೊಂದಕ್ಕೂ ಮೂರು ಮಾರ್ಗಗಳಿರುವುದರಿಂದ ಒಟ್ಟು ಭಾಜಕಗಳು 3 × 3 × 3 × 3 × 3, ಅಂದರೆ 243. ಪೂರ್ಣವರ್ಗಗಳಿಗೆ ಮಾತ್ರವೇ ಭಾಜಕಗಳ ಎಣಿಕೆ ಬೆಸವಾಗಿರುತ್ತದೆ.

ಹಾರವನ್ನು ಎಷ್ಟು ಉದ್ದ ಬೆಳೆಸಬಹುದು? ಒಂಬತ್ತು ಒಂದುಗಳ ವರ್ಗ 12345678987654321. ಹತ್ತು ಒಂದುಗಳಾದರೆ ನಡುವಿನ ಕಂಬದಲ್ಲಿ ಹತ್ತು ಕೂಡಿ ದಶಕವು ಎಡಕ್ಕೆ ದಾಟುತ್ತದೆ, ಫಲ 1234567900987654321. ಹಾರ ಹರಿಯಿತು.

ಇದರಿಂದ ಒಂದು ಮುಖ್ಯ ವಿಷಯ ವಿದಿತವಾಗುತ್ತದೆ. ಅಂಕೆಗಳ ಏರಿಳಿತವು ದಶಮಾನ ಪದ್ಧತಿಯು ಸಂಖ್ಯೆಗೆ ತೊಡಿಸಿದ ಉಡುಗೆ. ಸೊನ್ನೆ ಒಂದುಗಳನ್ನಷ್ಟೇ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅದು ಉಳಿಯದು. ಆದರೆ ವರ್ಗವಾಗಿರುವ ಗುಣ, ಐದು ಅವಿಭಾಜ್ಯಗಳು, 243 ಭಾಜಕಗಳು—ಇವು ಸಂಖ್ಯೆಯ ಸ್ವಂತ ಗುಣಗಳು. ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗವು. ಸೊಗಸಾದ ಸಂಖ್ಯೆಯೊಂದನ್ನು ಕಂಡಾಗ ಅದರ ಯಾವ ಗುಣ ಬರಹದ್ದು, ಯಾವುದು ಸಂಖ್ಯೆಯದು ಎಂದು ವಿಚಾರಿಸುವುದೇ ಗಣಿತದ ದಾರಿ.