ಮನೆಯಲ್ಲಿ ಮಾಡಿದ ಹಿಮಹಲಗೆ

1965ನೆಯ ಇಸವಿಯ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ಪ್ರಾಂತದ ಮಸ್ಕೀಗನ್ ಎಂಬ ಊರಿನಲ್ಲಿ ಷರ್ಮನ್ ಪಾಪೆನ್ ಎಂಬ ಎಂಜಿನಿಯರರು ತಮ್ಮ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಬಿಗಿದು ಕೊಟ್ಟರು. ಸ್ಕೀ ಎಂದರೆ ಹಿಮದ ಮೇಲೆ ಜಾರಲು ಪಾದಕ್ಕೆ ಒಂದರಂತೆ ಕಟ್ಟಿಕೊಳ್ಳುವ ನೀಳವಾದ ಪಟ್ಟಿ. ಎರಡೂ ಒಂದಾದ ಮೇಲೆ ಮಕ್ಕಳು ಕಡಲ ಅಲೆಗಳ ಮೇಲೆ ಜಾರುವವರಂತೆ ಅಡ್ಡಲಾಗಿ ನಿಂತು ಇಳಿಜಾರಿನಲ್ಲಿ ಜಾರತೊಡಗಿದರು. ಮರುವರ್ಷವೇ ಆ ಆಟಿಕೆ ಅಂಗಡಿಗೆ ಬಂದಿತು. ಅದಕ್ಕೂ ಎರಡು ವರ್ಷ ಹಿಂದೆ, 1963ರಲ್ಲಿ, ಟಾಮ್ ಸಿಮ್ಸ್ ಎಂಬ ಹುಡುಗನು ನ್ಯೂ ಜರ್ಸಿಯ ತನ್ನ ಶಾಲೆಯ ಮರಗೆಲಸದ ತರಗತಿಯಲ್ಲಿ ಇಂಥದೇ ಹಲಗೆಯೊಂದನ್ನು ಮಾಡಿದ್ದನು. 1977ರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ಅವರು ವರ್ಮಾಂಟ್ ಪ್ರಾಂತದಲ್ಲಿ ಇವುಗಳ ತಯಾರಿಕೆಗೆ ಕೈಹಾಕಿದರು. 1998ರಲ್ಲಿ ಜಪಾನಿನ ನಗಾನೊ ನಗರದ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಲ್ಲಿ ಈ ಆಟಕ್ಕೂ ಪದಕಗಳು ದೊರೆತವು. ಸ್ನೋಬೋರ್ಡ್ ಎಂದು ಹೆಸರಾದ ಇದನ್ನು ನಾವು ಹಿಮಹಲಗೆ ಎಂದು ಕರೆಯೋಣ.

ಹೀಗೆ ಕೊಠಡಿಯ ಮೂಲೆಯಲ್ಲಿ ಹುಟ್ಟಿದ ವಸ್ತುವನ್ನು ಇಂದಿಗೂ ಹಿಮ ಬೀಳುವ ನಾಡುಗಳಲ್ಲಿ ಅನೇಕರು ತಮ್ಮ ಮನೆಯ ಕಾರ್‌ಷೆಡ್ಡಿನಲ್ಲಿಯೇ ಮಾಡಿಕೊಳ್ಳುತ್ತಾರೆ. ಹಣ ಉಳಿಯುವುದೆಂಬ ಆಸೆಯಿಂದ ಯಾರೂ ಈ ಕೆಲಸಕ್ಕೆ ಇಳಿಯಬಾರದು. ಅಚ್ಚು ಮತ್ತು ಒತ್ತುಯಂತ್ರಗಳ ಖರ್ಚನ್ನು ಸೇರಿಸಿದರೆ ಮೊದಲನೆಯ ಹಲಗೆ ಅಂಗಡಿಯ ಬೆಲೆಯನ್ನು ಮೀರುವುದು ಸಾಮಾನ್ಯ. ಆದರೆ ಬಲವಿಜ್ಞಾನವನ್ನು ಕೈಯಿಂದ ಮುಟ್ಟಿ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ವಿರಳವೆಂದು ನಮ್ಮ ಅಭಿಪ್ರಾಯ.

ಮೊದಲು ಹಲಗೆ ಮಾಡುವ ಕೆಲಸವೇನೆಂಬುದನ್ನು ನೋಡೋಣ. ಎಪ್ಪತ್ತು ಕಿಲೋಗ್ರಾಂ ತೂಕದ ಮನುಷ್ಯನ ಎರಡು ಬೂಟುಗಳ ಅಟ್ಟೆಯ ವಿಸ್ತೀರ್ಣ ಸುಮಾರು 600 ಚದರ ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಪ್ರತಿ ಚದರ ಸೆಂಟಿಮೀಟರಿನ ಮೇಲೂ 117 ಗ್ರಾಂ ಭಾರ ಬೀಳುವುದು. ಹೊಸ ಹಿಮದಲ್ಲಿ ಆತನು ಮೊಣಕಾಲಿನವರೆಗೆ ಹೂತುಹೋಗುವನು. ಹಲಗೆಯ ವಿಸ್ತೀರ್ಣವಾದರೋ ಸುಮಾರು 4000 ಚದರ ಸೆಂಟಿಮೀಟರು. ಭಾರವು ಚದರ ಸೆಂಟಿಮೀಟರಿಗೆ ಹದಿನೇಳು ಹದಿನೆಂಟು ಗ್ರಾಮಿಗೆ ಇಳಿಯುವುದರಿಂದ ಅವನು ಮೇಲೆಯೇ ನಿಲ್ಲುವನು.

ನಿಂತವನು ಜಾರುವುದೇಕೆ? ಒತ್ತಡದಿಂದ ಹಿಮ ಕರಗಿ ನೀರಾಗುವುದೆಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳು ಇಂದಿಗೂ ಉಂಟು. ಇಡೀ ಒಂದು ವಾಯುಮಂಡಲದಷ್ಟು ಒತ್ತಡಕ್ಕೆ ಮಂಜುಗಡ್ಡೆಯ ಕರಗುವ ಬಿಂದು ಡಿಗ್ರಿಯ ನೂರರಲ್ಲೊಂದು ಪಾಲೂ ಇಳಿಯದು. ಹದಿನೆಂಟು ಗ್ರಾಮಿನ ಪಾಡೇನು? 1939ರಲ್ಲಿ ಬೋಡೆನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಕ್ ಎಂಬ ಎತ್ತರದ ತಾಣದಲ್ಲಿ ನಡೆಸಿದ ಪ್ರಯೋಗಗಳ ಆಧಾರದ ಮೇಲೆ, ಘರ್ಷಣೆಯಿಂದ ಹುಟ್ಟುವ ಶಾಖವೇ ಹಿಮವನ್ನು ಕರಗಿಸಿ ತೆಳ್ಳನೆಯ ನೀರಿನ ಪೊರೆಯನ್ನು ಒದಗಿಸುವುದೆಂದು ವಾದಿಸಿದರು. ಮಂಜಿನ ಮೇಲ್ಮೈಯ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಕಟ್ಟುಬಿದ್ದಿರುವುದಿಲ್ಲವೆಂಬ ಸಂಗತಿಯೂ ಈಗ ತಿಳಿದಿದೆ.

ಜಾರುವುದು ಸುಲಭ, ತಿರುಗುವುದೇ ವಿದ್ಯೆ. ಹಲಗೆಯನ್ನು ಮೇಲಿನಿಂದ ನೋಡಿದರೆ ಅದರ ಎರಡು ಅಂಚುಗಳೂ ನಡುವಿನಲ್ಲಿ ಒಳಸರಿದಿರುವುದು ಕಾಣುವುದು. ತುದಿಯ ಬಳಿ 29 ಸೆಂಟಿಮೀಟರು ಅಗಲ, ಸೊಂಟದಲ್ಲಿ 25 ಇದ್ದರೆ ಒಂದೊಂದು ಅಂಚೂ 2 ಸೆಂಟಿಮೀಟರು ಒಳಗೆ ಬಾಗಿದಂತಾಯಿತು. ಈ ಬಾಗು ಒಂದು ದೊಡ್ಡ ವೃತ್ತದ ಕಂಸ. ಹಿಮವನ್ನು ಮುಟ್ಟುವ ಅಂಚಿನ ಉದ್ದ 120 ಸೆಂಟಿಮೀಟರು ಎಂದಾದರೆ, ಜ್ಯಾ ಮತ್ತು ಕಂಸದ ಪರಿಚಿತ ಸೂತ್ರದಂತೆ ತ್ರಿಜ್ಯವು 120ರ ವರ್ಗವನ್ನು 2ರ ಎಂಟರಷ್ಟರಿಂದ, ಅಂದರೆ 16ರಿಂದ, ಭಾಗಿಸಿದಷ್ಟು: 900 ಸೆಂಟಿಮೀಟರು, ಒಂಬತ್ತು ಮೀಟರು. ಸವಾರನು ಹಲಗೆಯನ್ನು ಒಂದು ಅಂಚಿನ ಮೇಲೆ ಓರೆಮಾಡಿದಾಗ ಮೊದಲು ಹಿಮಕ್ಕೆ ತಾಗುವುವು ಎರಡು ತುದಿಗಳು. ಸೊಂಟ ಗಾಳಿಯಲ್ಲಿ ಉಳಿಯುವುದು. ಅವನ ಭಾರವು ಆ ಸೊಂಟವನ್ನು ಕೆಳಕ್ಕೆ ಅದುಮಿ ಹಲಗೆಯನ್ನು ಬಿಲ್ಲಿನಂತೆ ಬಾಗಿಸಿದಾಗ ಇಡೀ ಅಂಚು ಹಿಮವನ್ನು ಕಚ್ಚುವುದು. ಹೆಚ್ಚು ಓರೆಯಾದಷ್ಟೂ ಹೆಚ್ಚು ಬಾಗುವುದು, ತಿರುವು ಅಷ್ಟು ಕಿರಿದಾಗುವುದು. ಅರುವತ್ತು ಡಿಗ್ರಿ ಓರೆಯಲ್ಲಿ ಒಂಬತ್ತು ಮೀಟರಿನ ತ್ರಿಜ್ಯವು ಸರಿಸುಮಾರಾಗಿ ಅದರ ಅರ್ಧಕ್ಕೆ ಇಳಿಯುವುದು.

ಆದುದರಿಂದ ಹಲಗೆ ಎಷ್ಟು ಬಾಗಬೇಕೆಂಬುದೇ ಇಡೀ ರಚನೆಯ ಮರ್ಮ. ಬರಿಯ ಮರದ ಪಟ್ಟಿಯ ಬಿಗುಪು ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುವುದು. ದಪ್ಪವನ್ನು ಇಮ್ಮಡಿಸಿದರೆ ಬಿಗುಪು ಎಂಟುಮಡಿ! ಏಳು ಮಿಲಿಮೀಟರಿಗೆ ಬದಲಾಗಿ ಎಂಟು ಉಳಿಸಿದರೆ ಅದು ಒಂದೂವರೆಯಷ್ಟಾಗುವುದು. ಆದರೆ ಹಿಮಹಲಗೆ ಬರಿಯ ಮರವಲ್ಲ. ಮರದ ತಿರುಳಿನ ಮೇಲೆ ಒಂದು, ಕೆಳಗೆ ಒಂದು ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ ಕೂಡಿಸಿರುತ್ತಾರೆ. ಬಾಗುವಾಗ ಒಂದು ಮೈ ಹಿಗ್ಗುವುದು, ಇನ್ನೊಂದು ಕುಗ್ಗುವುದು, ನಡುವಿನ ಭಾಗಕ್ಕೆ ಹೆಚ್ಚಿನ ಕೆಲಸವಿಲ್ಲ. ಗಟ್ಟಿಯಾದ ವಸ್ತುವನ್ನು ಹೊರಮೈಗಳಲ್ಲಿರಿಸಿ ಅವುಗಳನ್ನು ದೂರ ದೂರ ನಿಲ್ಲಿಸಲು ಮಾತ್ರ ಹಗುರವಾದ ಮರವನ್ನು ಬಳಸುವುದು ಜಾಣತನ. ರೈಲುಸೇತುವೆಯ ಉಕ್ಕಿನ ತೊಲೆಯ ಆಕಾರದಲ್ಲಿರುವುದೂ ಇದೇ ತತ್ತ್ವ. ಇಂಥ ಜೋಡಣೆಯಲ್ಲಿ ಬಿಗುಪು ದಪ್ಪದ ವರ್ಗಕ್ಕೆ ಸಮೀಪವಾಗಿ ಏರುವುದಾದರೂ ಒಂದು ಮಿಲಿಮೀಟರಿಗೆ ನೂರಕ್ಕೆ ಮೂವತ್ತರಷ್ಟು ವ್ಯತ್ಯಾಸ ಬಂದೇ ಬರುವುದು. ನಾರುಗಳ ದಿಕ್ಕಿಗೂ ಅರ್ಥವಿದೆ: ಉದ್ದಕ್ಕೆ ಹೋದವು ಬಾಗನ್ನು ತಡೆಯುವುವು, ನಲವತ್ತೈದು ಡಿಗ್ರಿ ಓರೆಯಾದವು ತಿರುಚನ್ನು ತಡೆಯುವುವು.

ತಿರುಳಿಗೆ ಪಾಪ್ಲರ್, ಆಷ್, ಮೇಪಲ್ ಮುಂತಾದ ಮರಗಳ ಅಥವಾ ಬಿದಿರಿನ ಸಣ್ಣ ರೀಪುಗಳನ್ನು ಅಕ್ಕಪಕ್ಕ ಅಂಟಿಸಿ ಬಳಸುವರು. ಒಂದೇ ಅಗಲದ ಹಲಗೆಯಾದರೆ ಹವೆಗೆ ಸೊಟ್ಟಗಾಗುವುದು. ರೀಪುಗಳಲ್ಲಿ ಒಂದರ ಸೊಟ್ಟನ್ನು ಮತ್ತೊಂದು ಸರಿದೂಗಿಸುವುದು. ನಡುವೆ ಏಳೆಂಟು ಮಿಲಿಮೀಟರು, ತುದಿಗಳಲ್ಲಿ ಎರಡು ಮಿಲಿಮೀಟರು ಉಳಿಯುವಂತೆ ಕೀಸಬೇಕು. ಕೆಲಸಗಾರನ ತಾಳ್ಮೆ ಪರೀಕ್ಷೆಗೆ ಒಳಗಾಗುವುದು ಇಲ್ಲಿ.

ಬೂಟಿನ ಕಟ್ಟುಗಳನ್ನು ಹಿಡಿದಿಡುವ ಉಕ್ಕಿನ ತಿರುಪುಗೂಡುಗಳನ್ನು ತಿರುಳಿನ ಕೆಳಮೈಯಿಂದಲೇ ತೂರಿಸಬೇಕು. ಅವುಗಳ ಅಗಲವಾದ ತಳ ಕೆಳಗಡೆ ಉಳಿಯುವುದರಿಂದ ಮೇಲಕ್ಕೆ ಎಳೆದರೆ ಮರದ ಪೂರ್ಣ ದಪ್ಪವೇ ಅಡ್ಡ ಬರುವುದು. ಮೇಲಿನಿಂದ ತಿರುಪು ಹೊಡೆದು ಮುಗಿಸಿದವನ ಒಂದು ಪಾದ ವೇಗದಲ್ಲಿರುವಾಗಲೇ ಕಿತ್ತು ಬಂದರೆ, ಇನ್ನೊಂದು ಪಾದ ಹಲಗೆಗೆ ಬಿಗಿದೇ ಇರುವುದು. ಮುಂದಿನದನ್ನು ಊಹಿಸಿಕೊಳ್ಳಬಹುದು.

ತಳಕ್ಕೆ ಹಚ್ಚುವುದು ಪಾಲಿಎಥಿಲೀನ್. ಯಾವುದಕ್ಕೂ ಅಂಟದಿರುವ ಗುಣದಿಂದಲೇ ಅದು ಹಿಮದ ಮೇಲೆ ಚೆನ್ನಾಗಿ ಜಾರುವುದು. ಅದೇ ಗುಣದಿಂದ ನಮ್ಮ ಅಂಟಿಗೂ ಒಗ್ಗದು. ಆದ್ದರಿಂದ ಅದರ ಒಂದು ಮೈಯನ್ನು ಜ್ವಾಲೆ ಸೋಕಿಸಿ, ಉಜ್ಜಿ ಒರಟುಗೊಳಿಸಿ ಹದಮಾಡಿರುತ್ತಾರೆ. ಆ ಮೈಯನ್ನು ಬರಿಗೈಯಿಂದ ಮುಟ್ಟಿದರೂ ಬೆರಳಿನ ಜಿಡ್ಡು ಅಂಟನ್ನು ಕೆಡಿಸುವುದು. ತಳದ ಸುತ್ತ ಉಕ್ಕಿನ ಅಂಚು, ಅದರ ಮೇಲೆ ತೆಳ್ಳನೆಯ ರಬ್ಬರಿನ ಪಟ್ಟಿ. ಬಳಿಕ ಗಾಜಿನ ಬಟ್ಟೆ, ತಿರುಳು, ಮತ್ತೆ ಬಟ್ಟೆ, ಕಡೆಗೆ ಹೊದಿಕೆ: ಇದು ಪದರಗಳ ಕ್ರಮ.

ಅಂಟಿನ ಎರಡು ಭಾಗಗಳನ್ನು ತೂಗಿಯೇ ಬೆರಸಬೇಕು, ಅಂದಾಜು ಸಲ್ಲದು. ಬೆರೆತೊಡನೆ ಶಾಖ ಹುಟ್ಟುವುದು. ಕುಡಿಕೆಯಲ್ಲಿ ಒಟ್ಟಾಗಿ ನಿಂತರೆ ಹುಟ್ಟಿದ ಶಾಖಕ್ಕೆ ಹೊರಹೋಗಲು ಮೈ ಸಾಲದು. ಕಾವು ಏರಿ ಕ್ರಿಯೆ ಮತ್ತಷ್ಟು ಚುರುಕಾಗಿ ಕೆಲವು ನಿಮಿಷಗಳಲ್ಲಿ ಹೊಗೆಯೆದ್ದು ಕಲ್ಲಾಗಬಹುದು. ತೆಳ್ಳಗೆ ಹರಡಿದರೆ ಗಂಟೆಗಟ್ಟಲೆ ಹದವಾಗಿರುವುದು. ಚರ್ಮಕ್ಕೆ ಪದೇಪದೇ ತಗುಲಿದರೆ ಜನ್ಮಕ್ಕೆ ಅಂಟಿಕೊಳ್ಳುವ ಅಲರ್ಜಿ ಬರುವುದುಂಟು. ಕೈಚೀಲವಿಲ್ಲದೆ ಅಂಟನ್ನಾಗಲಿ, ಮುಖವಾಡವಿಲ್ಲದೆ ಗಾಜಿನ ಧೂಳನ್ನಾಗಲಿ ಸಮೀಪಿಸಬಾರದು.

ಪದರಗಳನ್ನು ಅಚ್ಚಿನ ಮೇಲೆ ಅದುಮಬೇಕಲ್ಲವೆ? ಮನೆಯ ಕಸಬುದಾರರು ಉಕ್ಕಿನ ತೊಲೆಗಳ ಚೌಕಟ್ಟಿನೊಳಗೆ ಬೆಂಕಿ ಆರಿಸುವವರ ಬಟ್ಟೆಯ ಕೊಳವೆಯನ್ನು ಮಡಿಸಿಟ್ಟು ಗಾಳಿ ತುಂಬುವರು. ಚದರ ಸೆಂಟಿಮೀಟರಿಗೆ ಮೂರು ಕಿಲೋಗ್ರಾಂ ಒತ್ತಡವೆಂದರೆ ಬಸ್ಸಿನ ಚಕ್ರದ ಗಾಳಿಗಿಂತಲೂ ಕಡಿಮೆ. ಆದರೆ 4000 ಚದರ ಸೆಂಟಿಮೀಟರಿನ ಮೇಲೆ ಅದು ಹನ್ನೆರಡು ಟನ್ನು, ಮೂರು ಸಲಗಗಳ ಭಾರ! ಅಷ್ಟೇ ಬಲ ಚೌಕಟ್ಟನ್ನು ಮೇಲಕ್ಕೂ ತಳ್ಳುವುದೆಂಬುದನ್ನು ಮರೆತು ದುರ್ಬಲವಾದ ತೊಲೆಗಳನ್ನು ಬಳಸುವುದು ಪ್ರಾಣಾಪಾಯದ ಕೆಲಸ. ಗಾಳಿ ತುಂಬಿರುವಾಗ ಯಂತ್ರದ ಪಕ್ಕದಲ್ಲಿ ಯಾರೂ ನಿಲ್ಲಕೂಡದು. ಇನ್ನೊಂದು ಉಪಾಯ, ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಗಾಳಿಯನ್ನು ಹೊರಗೆಳೆಯುವುದು. ಆಗ ವಾಯುಮಂಡಲವೇ ಒತ್ತುಯಂತ್ರ. ಎರಡು ಕಡೆಗಳಿಂದಲೂ ಒತ್ತುವುದರಿಂದ ಚೌಕಟ್ಟು ಬೇಡ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು ದೊರೆಯುವುದು, 1600 ಮೀಟರು ಎತ್ತರದ ಡೆನ್ವರ್ ನಗರದಲ್ಲಿ ಸುಮಾರು 0.85 ಮಾತ್ರ. ಹಿಮದ ಬೆಟ್ಟಗಳಿಗೆ ಹತ್ತಿರವಿದ್ದವರಿಗೆ ವಾಯುವಿನ ನೆರವು ಕಡಿಮೆಯೆಂಬುದು ಒಂದು ವಿನೋದ.

ಕಾರ್ಖಾನೆಗಳಲ್ಲಿ ಬಿಸಿಮಾಡಿ ಒತ್ತುವುದರಿಂದ ಕೆಲಸ ಬೇಗ ಮುಗಿಯುವುದು. ಮನೆಯಲ್ಲಿ ನಿಧಾನವೇ ಕ್ಷೇಮ. ಒಂದೂವರೆ ಮೀಟರು ಉದ್ದದ ಪಾಲಿಎಥಿಲೀನ್ ನಲವತ್ತು ಡಿಗ್ರಿ ತಣಿದಾಗ ಒಂಬತ್ತು ಮಿಲಿಮೀಟರಿನಷ್ಟು ಕುಗ್ಗಬಯಸುವುದು, ಉಕ್ಕು ಮುಕ್ಕಾಲು ಮಿಲಿಮೀಟರು ಮಾತ್ರ. ಬಿಸಿಯಲ್ಲಿ ಒಂದಾದವು ತಣ್ಣಗಾದಾಗ ಪರಸ್ಪರ ಎಳೆದಾಡಿ ಹಲಗೆಯನ್ನು ಸೊಟ್ಟಮಾಡಬಲ್ಲವು. ಕೊಠಡಿಯ ಉಷ್ಣತೆಯಲ್ಲಿಯೇ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಈ ತೊಡಕು ಬಹುಮಟ್ಟಿಗೆ ತಪ್ಪುವುದು.

ಅಚ್ಚಿನಿಂದ ತೆಗೆದ ಹಲಗೆಯ ಹೆಚ್ಚುವರಿ ಅಂಚುಗಳನ್ನು ಕೊಯ್ದು, ಉಪ್ಪುಕಾಗದದಿಂದ ಉಜ್ಜಿದ ಮೇಲೆ ಎರಡು ಪರೀಕ್ಷೆಗಳು ಉಳಿಯುವುವು. ತುದಿಗಳನ್ನು ಎರಡು ಸ್ಟೂಲುಗಳ ಮೇಲಿಟ್ಟು ನಡುವೆ ತಿಳಿದ ತೂಕವನ್ನು ಹೇರಿ ಎಷ್ಟು ಬಾಗುವುದೆಂದು ಅಳೆಯಬೇಕು. ತೂಕವನ್ನು ಏರಿಸುತ್ತ ಅಳೆದರೆ ಹೂಕನ ನಿಯಮದ ಸರಳರೇಖೆ ದೊರೆಯುವುದು, ತೂಕ ತೆಗೆದೊಡನೆ ಹಲಗೆ ಮೊದಲಿನ ಜಾಗಕ್ಕೆ ಬರಬೇಕು. ಆಮೇಲೆ ಒಂದು ರೂಪಾಯಿಯ ನಾಣ್ಯದಿಂದ ಮೈಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಬರಬೇಕು. ಪದರಗಳು ಕೂಡಿಕೊಂಡಿರುವಲ್ಲಿ ಸದ್ದು ಗಡುಸಾಗಿ, ಸ್ಪಷ್ಟವಾಗಿ ಇರುವುದು. ಒಳಗೆ ಅಂಟು ಬಿಟ್ಟಿರುವಲ್ಲಿ ಮಂಕಾದ ಪೊಳ್ಳು ಸದ್ದು ಕೇಳುವುದು. ತಿರುಪುಗೂಡುಗಳ ಸುತ್ತಮುತ್ತ ಅಂಥ ಸದ್ದು ಕೇಳಿದರೆ, ಎಷ್ಟು ಚೆಲುವಾದ ಹಲಗೆಯೇ ಆಗಲಿ, ಅದನ್ನು ಗೋಡೆಗೆ ತೂಗುಹಾಕಿ ಇನ್ನೊಂದಕ್ಕೆ ಮರದ ರೀಪುಗಳನ್ನು ಕತ್ತರಿಸಲು ತೊಡಗಬೇಕು.