ಕಂಬಿಯ ಗಾಲಿ, ಬೀದಿಯ ಗಾಲಿ

ಚಳಿಗಾಲದ ಒಂದು ಭಾನುವಾರ ನಾವು ದೆಹಲಿಯ ಚಾಣಕ್ಯಪುರಿಯಲ್ಲಿರುವ ರಾಷ್ಟ್ರೀಯ ರೈಲು ಸಂಗ್ರಹಾಲಯಕ್ಕೆ ಹೋದೆವು. ಹಳೆಯ ಉಗಿ ಎಂಜಿನುಗಳನ್ನು ನೋಡಬೇಕೆಂಬುದಷ್ಟೇ ನಮ್ಮ ಉದ್ದೇಶವಾಗಿದ್ದಿತು. ಆದರೆ ಅಂದು ಹಳೆಯ ಕಾಲದ ಮೋಟಾರು ಕಾರುಗಳ ಪ್ರದರ್ಶನವೂ ಅದೇ ಅಂಗಳದಲ್ಲಿ ಏರ್ಪಟ್ಟಿದ್ದುದರಿಂದ, ಕಂಬಿಯ ಮೇಲೆ ನಿಂತ ಕಪ್ಪು ಎಂಜಿನುಗಳ ನಡುವೆ ಹಿತ್ತಾಳೆಯ ದೀಪಗಳನ್ನು ಹೊತ್ತ ಕಾರುಗಳು ಮದುವೆಗೆ ಬಂದ ನೆಂಟರಂತೆ ಸಾಲಾಗಿ ನಿಂತಿದ್ದುವು. ಇದರಿಂದ ನಮಗೆ ಲಾಭವೇ ಆಯಿತು. ಎರಡು ಬಗೆಯ ವಾಹನಗಳನ್ನು ಬೇರೆ ಬೇರೆಯಾಗಿ ನೋಡಿದಾಗ ಏಳದ ಪ್ರಶ್ನೆಗಳು, ಅವೆರಡನ್ನೂ ಒಂದೆಡೆ ನೋಡಿದಾಗ ತಾವಾಗಿ ಏಳುತ್ತವೆ.

ಮೊದಲನೆಯ ಪ್ರಶ್ನೆ ಹೆಬ್ಬಾಗಿಲಿನಲ್ಲಿಯೇ ಎದುರಾಯಿತು. ಒಂದು ಟನ್ನಿಗೆ ತುಸು ಹೆಚ್ಚು ತೂಗಬಹುದಾದ ಕಾರೊಂದು ಅಲ್ಲಿ ಕೆಟ್ಟು ನಿಂತಿದ್ದಿತು. ಅದರ ಒಡೆಯರು ಕೇಳಿಕೊಂಡದ್ದರಿಂದ ನಾವೂ ಕೈಹಾಕಿ, ನಾಲ್ವರು ಸೇರಿ ಅದನ್ನು ನೆರಳಿಗೆ ತಳ್ಳಿದೆವು. ನಮ್ಮೊಡನಿದ್ದ ಕಾಲೇಜು ವಿದ್ಯಾರ್ಥಿಯೊಬ್ಬನು ಏದುಸಿರು ಬಿಡುತ್ತ, "ಇದಕ್ಕೇ ನಾಲ್ವರು ಬೇಕಾದರೆ ಆ ರೈಲುಡಬ್ಬಿಗೆ ಎಷ್ಟು ಮಂದಿ ಬೇಕಾದಾರು?" ಎಂದು ಕೇಳಿದನು. ಗೂಡ್ಸ್ ಷೆಡ್ಡುಗಳಲ್ಲಿ ಕೆಲವೇ ಕೂಲಿಗಳು ಸೇರಿ ಹತ್ತು ಟನ್ನಿನ ಬರಿಯ ಡಬ್ಬಿಯನ್ನು ಕೈಯಿಂದಲೇ ಮೆಲ್ಲಗೆ ನೂಕಿಕೊಂಡು ಹೋಗುತ್ತಿದ್ದುದನ್ನು ಕಂಡ ಹಿರಿಯರು ಈ ಪ್ರಶ್ನೆಗೆ ನಗುತ್ತಾರೆ.

ಇದರ ಗುಟ್ಟೇನು? ಗಾಲಿಯು ಉರುಳುವಾಗ ನೆಲಕ್ಕೆ ತಗಲಿದ ಅದರ ಭಾಗ ತುಸು ಚಪ್ಪಟೆಯಾಗುತ್ತದೆ. ಮುಂದೆ ಸಾಗಿದೊಡನೆ ಮತ್ತೆ ಗುಂಡಗಾಗುತ್ತದೆ. ರಬ್ಬರು ಹೀಗೆ ಅದುಮಿಸಿಕೊಂಡಾಗ ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸುವುದಿಲ್ಲ. ಅದರಲ್ಲಿ ಒಂದಂಶ ಶಾಖವಾಗಿ ನಷ್ಟವಾಗುತ್ತದೆ. ದೂರ ಓಡಿ ಬಂದ ಕಾರಿನ ಟೈರನ್ನು ಮುಟ್ಟಿ ನೋಡಿದರೆ ಇದು ಕೈಗೇ ತಿಳಿಯುತ್ತದೆ. ಉಕ್ಕಿನ ಗಾಲಿಯಾದರೋ ಉಕ್ಕಿನ ಕಂಬಿಯನ್ನು ಮುಟ್ಟುವ ಜಾಗ ಒಂದು ಸಣ್ಣ ನಾಣ್ಯದಷ್ಟು ಮಾತ್ರ. ಎರಡೂ ಗಟ್ಟಿ, ಎರಡೂ ತಗ್ಗುವುದು ಅತ್ಯಲ್ಪ, ತಗ್ಗಿದ್ದನ್ನು ಬಹುಮಟ್ಟಿಗೆ ಹಾಗೆಯೇ ಹಿಂದಕ್ಕೆ ಕೊಡುತ್ತವೆ. ಆದುದರಿಂದ ಸಮತಟ್ಟಾದ ಡಾಮರು ರಸ್ತೆಯ ಮೇಲೆ ಒಂದು ಟನ್ನು ಭಾರವನ್ನು ಉರುಳಿಸುತ್ತಿರಲು ಹತ್ತರಿಂದ ಹದಿನೈದು ಕಿಲೋಗ್ರಾಂ ತೂಕದಷ್ಟು ಬಲ ಬೇಕಾದರೆ, ಕಂಬಿಯ ಮೇಲೆ ಒಂದೆರಡು ಕಿಲೋಗ್ರಾಂ ಸಾಕು. ನಾವು ಬೆವರು ಸುರಿಸಿ ನೂಕಿದ ಬಲದಲ್ಲಿಯೇ, ಒಮ್ಮೆ ಉರುಳತೊಡಗಿದ ಹತ್ತು ಟನ್ನಿನ ಡಬ್ಬಿಯೂ ಉರುಳುತ್ತಲೇ ಇರುತ್ತಿದ್ದಿತು.

ಹಾಗಾದರೆ ಲೋಕದ ಬೀದಿಗಳಿಗೆಲ್ಲ ಏಕೆ ಕಂಬಿ ಹಾಸಲಿಲ್ಲ? ನುಣುಪಿಗೆ ತೆರಬೇಕಾದ ಬೆಲೆಯೂ ಉಂಟು. ಉರುಳುವಾಗ ತಡೆಯದ ಕಂಬಿ ಹಿಡಿತವನ್ನೂ ಕೊಡುವುದಿಲ್ಲ. ಒಣಗಿದ ಕಂಬಿಯ ಮೇಲೆ ಎಂಜಿನು ತನ್ನ ಚಾಲಕ ಗಾಲಿಗಳ ಮೇಲಿರುವ ಭಾರದ ಸುಮಾರು ಕಾಲುಪಾಲಿನಷ್ಟು ಬಲದಿಂದ ಮಾತ್ರ ಎಳೆಯಬಲ್ಲುದು; ಹೆಚ್ಚು ಎಳೆಯಹೋದರೆ ಗಾಲಿ ನಿಂತಲ್ಲಿಯೇ ಗಿರ್ರನೆ ತಿರುಗುತ್ತದೆ. ಮಳೆಯಲ್ಲಿ ಹಿಡಿತ ಇನ್ನೂ ಕಡಮೆ. ಇದೇ ಸಂಗ್ರಹಾಲಯದಲ್ಲಿ ೧೮೮೯ರಲ್ಲಿ ತಯಾರಾದ ಡಾರ್ಜಿಲಿಂಗ್ ಬೆಟ್ಟದ ರೈಲಿನ ಪುಟ್ಟ ಎಂಜಿನೊಂದಿದೆ. ಅಂಥ ಎಂಜಿನುಗಳ ಮುಂಭಾಗದಲ್ಲಿ ಇಬ್ಬರು ಕುಳಿತು ಕಂಬಿಗಳ ಮೇಲೆ ಕೈಯಿಂದ ಮರಳು ಉದುರಿಸುತ್ತಿದ್ದರೆಂಬುದನ್ನು ಕೇಳಿ ಯಾರೂ ಹಾಸ್ಯ ಮಾಡಬೇಕಾಗಿಲ್ಲ. ಆ ಹಿಡಿ ಮರಳಿಲ್ಲದಿದ್ದರೆ ಬಂಡಿ ಬೆಟ್ಟವೇರುತ್ತಿರಲಿಲ್ಲ.

ಏರಿನ ಲೆಕ್ಕವನ್ನು ವಾಚಕರು ತಾವೇ ಮಾಡಿ ನೋಡಬಹುದು. ನಲವತ್ತು ಅಡಿ ಸಾಗಿದರೆ ಒಂದಡಿ ಮೇಲೇರುವ ದಾರಿಯಲ್ಲಿ ಗುರುತ್ವವು ಪ್ರತಿ ಟನ್ನನ್ನೂ ಇಪ್ಪತ್ತೈದು ಕಿಲೋಗ್ರಾಂ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಮೊದಲೇ ಹದಿನೈದು ಕಿಲೋಗ್ರಾಂ ತಡೆಯನ್ನು ಹೊತ್ತಿದ್ದ ಕಾರಿಗೆ ಒಟ್ಟು ಹೊರೆ ಮೂರುಪಾಲನ್ನೂ ಮುಟ್ಟಲಿಲ್ಲ. ಎರಡೇ ಕಿಲೋಗ್ರಾಂ ತಡೆಯಿಂದ ಸುಖವಾಗಿದ್ದ ರೈಲಿಗೆ ಅದೇ ಏರಿನಲ್ಲಿ ಹೊರೆ ಹದಿಮೂರು ಪಾಲಿಗೂ ಮಿಕ್ಕಿತು. ನಮ್ಮ ಸಕಲೇಶಪುರ ಮತ್ತು ಸುಬ್ರಹ್ಮಣ್ಯಗಳ ನಡುವೆ ಘಟ್ಟವಿಳಿಯುವ ರೈಲುದಾರಿಯಲ್ಲಿ ಐವತ್ತಕ್ಕೆ ಒಂದರ ಇಳಿಜಾರನ್ನು ಮೀರದಂತೆ ಕಾಯ್ದುಕೊಳ್ಳಲು ಐವತ್ತೇಳು ಸುರಂಗಗಳನ್ನು ಕೊರೆಯಬೇಕಾಯಿತು. ಶಿರಾಡಿ ಘಾಟಿಯ ಮೋಟಾರು ರಸ್ತೆಯಾದರೋ ಬೆಟ್ಟದ ಮೈಗೆ ಅಂಟಿಕೊಂಡು ತನ್ನ ಪಾಡಿಗೆ ತಾನು ಸುತ್ತಿ ಇಳಿಯುತ್ತದೆ.

ಕಾರಿಗೆ ಏರು ಎಂದೂ ಕಷ್ಟವಾಗಲಿಲ್ಲವೆಂದು ಇದರಿಂದ ತಿಳಿಯಬಾರದು. ಸಾಲಿನಲ್ಲಿ ಫೋರ್ಡ್ ಕಂಪನಿಯ "ಟಿ" ಮಾದರಿಯ ಕಾರೊಂದಿದ್ದಿತು. ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಇಪ್ಪತ್ತು ಅಶ್ವಶಕ್ತಿಯ ಕಾರಿನಲ್ಲಿ ಪೆಟ್ರೋಲು ತೊಟ್ಟಿ ಆಸನದ ಕೆಳಗಿದ್ದು, ಎಣ್ಣೆಯು ತನ್ನ ತೂಕದಿಂದಲೇ ಎಂಜಿನಿಗೆ ಹರಿದು ಬರಬೇಕು, ಪಂಪಿಲ್ಲ. ತೊಟ್ಟಿಯಲ್ಲಿ ಎಣ್ಣೆ ತಗ್ಗಿರುವಾಗ ಕಡಿದಾದ ಏರಿನಲ್ಲಿ ಕಾರಿನ ಮೂತಿ ಮೇಲೆದ್ದರೆ ಎಂಜಿನು ತೊಟ್ಟಿಗಿಂತ ಎತ್ತರಕ್ಕೆ ಹೋಗಿ ಎಣ್ಣೆ ನಿಂತುಹೋಗುತ್ತಿದ್ದಿತು. ಜಾಣರಾದ ಚಾಲಕರು ಕಾರನ್ನು ತಿರುಗಿಸಿಕೊಂಡು ಹಿಮ್ಮುಖವಾಗಿ ಬೆಟ್ಟ ಹತ್ತುತ್ತಿದ್ದರು!

ಆ ಕಾರಿನಿಂದ ನಾಲ್ಕು ಹೆಜ್ಜೆಯ ಆಚೆಗೆ ಬಂಗಾಳ-ನಾಗಪುರ ರೈಲ್ವೆಯ ಗ್ಯಾರೆಟ್ ಎಂಜಿನು ನಿಂತಿದೆ. ೧೯೩೦ರಲ್ಲಿ ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಾರ್ಖಾನೆಯಿಂದ ಬಂದ ಈ ದೈತ್ಯನನ್ನು ಅರ್ಥಮಾಡಿಕೊಳ್ಳಲು ಹಿಡಿತದ ವಿಷಯ ತಿಳಿದಿದ್ದರೆ ಸಾಕು. ಕಲ್ಲಿದ್ದಲಿನ ಭಾರಿ ರೈಲುಗಳನ್ನು ಎಳೆಯಬೇಕಾದರೆ ಚಾಲಕ ಗಾಲಿಗಳ ಮೇಲೆ ಬಹಳ ತೂಕವಿರಬೇಕು. ಆದರೆ ಒಂದೊಂದು ಅಚ್ಚಿನ ಮೇಲೆ ಇಂತಿಷ್ಟೇ ಎಂದು ಕಂಬಿಯೂ ಸೇತುವೆಯೂ ಮಿತಿ ಹಾಕುತ್ತವೆ. ಆದಕಾರಣ ಅಚ್ಚುಗಳನ್ನು ಹೆಚ್ಚಿಸಬೇಕು. ಹೆಚ್ಚಿಸಿದರೆ ಎಂಜಿನು ಉದ್ದವಾಗಿ ತಿರುವಿನಲ್ಲಿ ಬಾಗಲಾರದು. ಗ್ಯಾರೆಟ್ ಎಂಬಾತನು ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ನಡುವೆ ಒಂದೇ ಬಾಯ್ಲರನ್ನಿಟ್ಟು ಅದರ ಎರಡು ತುದಿಗಳಿಗೂ ಒಂದೊಂದು ಪೂರ್ಣ ಎಂಜಿನನ್ನು ಕೀಲಿನ ಮೇಲೆ ಕೂರಿಸುವುದು. ಆ ಬಗೆಯ ಮೊದಲನೆಯ ಎಂಜಿನು ೧೯೦೯ರಲ್ಲಿ ಟಾಸ್ಮೇನಿಯಕ್ಕೆಂದು ತಯಾರಾಯಿತು. ದೆಹಲಿಯಲ್ಲಿರುವ ಎಂಜಿನಿಗೆ ಹನ್ನೆರಡು ಅಚ್ಚುಗಳು, ಇಪ್ಪತ್ತನಾಲ್ಕು ಗಾಲಿಗಳು. ಅವುಗಳಲ್ಲಿ ಹದಿನಾರು ಚಾಲಕ ಗಾಲಿಗಳು.

ತಿರುವಿನ ಮಾತು ಬಂದುದರಿಂದ ಇನ್ನೊಂದು ಸೊಗಸಾದ ವಿಷಯವನ್ನು ಹೇಳಬೇಕು. ಕಾರೊಂದು ಬಲಕ್ಕೆ ಪೂರ್ತಿ ತಿರುಗುವಾಗ ಎಡಗಡೆಯ ಗಾಲಿ ಬಲಗಡೆಯದಕ್ಕಿಂತ ಸುಮಾರು ಎರಡು ಮೀಟರು ಹೆಚ್ಚು ದೂರ ಓಡಬೇಕಾಗುತ್ತದೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಯಾವುದಾದರೊಂದು ಉಜ್ಜಲೇಬೇಕು. ಇದನ್ನು ತಪ್ಪಿಸಲು ಹಿಂದಿನ ಅಚ್ಚಿನ ನಡುವೆ ಹಲ್ಲುಗಾಲಿಗಳ ಗುಂಪೊಂದನ್ನು ಇಟ್ಟಿರುತ್ತಾರೆ. ಫ್ರಾನ್ಸಿನ ಪೆಕರ್ ಎಂಬಾತನು ೧೮೨೮ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದಿದ್ದನು. ಆದರೆ ರೈಲಿನಲ್ಲಿ ಎರಡು ಗಾಲಿಗಳೂ ಅಚ್ಚಿಗೆ ಗಟ್ಟಿಯಾಗಿ ಬಿಗಿದಿವೆ. ಬಗ್ಗಿ ನೋಡಿದರೆ ಗಾಲಿಯ ಅಂಚು ಸಪಾಟಾಗಿಲ್ಲ. ಒಳಗಡೆ ದಪ್ಪ, ಹೊರಗಡೆ ತೆಳುವಾಗಿ, ಇಪ್ಪತ್ತಕ್ಕೆ ಒಂದರಂತೆ ಇಳಿಜಾರಾಗಿದೆ. ತಿರುವಿನಲ್ಲಿ ಅಚ್ಚು ತುಸು ಹೊರಕ್ಕೆ ಸರಿದೊಡನೆ ಹೊರಗಾಲಿ ತನ್ನ ದಪ್ಪ ಭಾಗದ ಮೇಲೂ ಒಳಗಾಲಿ ತೆಳು ಭಾಗದ ಮೇಲೂ ಉರುಳುತ್ತವೆ. ಒಂದೇ ಸುತ್ತಿನಲ್ಲಿ ಹೊರಗಿನದು ಹೆಚ್ಚು ದೂರ ಸಾಗುತ್ತದೆ. ಒಂದು ಕಿಲೋಮೀಟರು ತ್ರಿಜ್ಯದ ತಿರುವಿನಲ್ಲಿ, ಒಂದು ಮೀಟರು ವ್ಯಾಸದ ಗಾಲಿಗಳು ಸುಮಾರು ಒಂಬತ್ತು ಮಿಲಿಮೀಟರು ಸರಿದರೆ ಲೆಕ್ಕ ಸರಿಹೋಗುತ್ತದೆ. ಇನ್ನೂ ಬಿಗಿಯಾದ ತಿರುವುಗಳಲ್ಲಿ ಈ ಉಪಾಯ ಸಾಲದೆ ಗಾಲಿಯ ಒಳ ಏಣು ಕಂಬಿಯನ್ನು ಉಜ್ಜುತ್ತದೆ. ನಿಲ್ದಾಣದ ಹತ್ತಿರ ಕೇಳಿಬರುವ ಕಿರುಚು ಶಬ್ದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಕಾಗದದ ಎರಡು ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿ, ಎರಡು ಕೋಲುಗಳ ಇಳಿಜಾರಿನ ಮೇಲೆ ಉರುಳಬಿಡಿ; ಅದು ತಾನಾಗಿಯೇ ನಡುವಿಗೆ ಬರುತ್ತದೆ. ತಳಕ್ಕೆ ತಳ ಸೇರಿಸಿ ಅಂಟಿಸಿದರೆ ಬೀಳುತ್ತದೆ. ಈ ಪ್ರಯೋಗಕ್ಕೆ ಕಾಸಿನ ಖರ್ಚಿಲ್ಲ.

ಇಷ್ಟು ಹೊತ್ತಿಗೆ ಅಂಗಳದಲ್ಲಿ ಗದ್ದಲವೆದ್ದಿತು. ಒಬ್ಬರು ತಮ್ಮ ಕಾರಿನ ಮೂತಿಗೆ ಕಬ್ಬಿಣದ ಹಿಡಿಯನ್ನು ಚುಚ್ಚಿ ತಿರುಗಿಸುತ್ತಿದ್ದರು. ಹೆಬ್ಬೆರಳನ್ನು ಹಿಡಿಯ ಸುತ್ತ ಮಡಿಸದೆ, ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟುಕೊಂಡಿದ್ದುದನ್ನು ನಾವು ಗಮನಿಸಿದೆವು. ಸಿಡಿತ ಹೊತ್ತಿಗೆ ಮುಂಚೆ ಆದರೆ ಹಿಡಿ ಹಿಂದಕ್ಕೆ ಒದೆಯುತ್ತದೆ. ಆ ಒದೆತದಿಂದ ಹೆಬ್ಬೆರಳು, ಮಣಿಕಟ್ಟುಗಳನ್ನು ಮುರಿದುಕೊಂಡವರು ಅನೇಕರು. ಕೆಟರಿಂಗ್ ಎಂಬಾತನ ವಿದ್ಯುತ್ ಚಾಲಕವು ೧೯೧೨ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಈ ಭಯ ತಗ್ಗುತ್ತ ಬಂದಿತು. ಉಗಿ ಎಂಜಿನಿಗೆ ಈ ತೊಡಕಿಲ್ಲ. ಉಗಿಯು ಬಾಯ್ಲರಿನಲ್ಲಿ ಮೊದಲೇ ಒತ್ತಡದಿಂದ ಕಾದು ಕುಳಿತಿರುವುದರಿಂದ, ಕವಾಟ ತೆರೆದೊಡನೆ ನಿಂತ ಪಿಸ್ಟನ್ನನ್ನು ಪೂರ್ಣ ಬಲದಿಂದ ನೂಕುತ್ತದೆ. ಕ್ಲಚ್ಚು ಬೇಡ, ಗೇರು ಬೇಡ. ಪೆಟ್ರೋಲು ಎಂಜಿನಾದರೋ ತಿರುಗುತ್ತಿದ್ದರೆ ಮಾತ್ರ ಗಾಳಿಯನ್ನು ಎಳೆದು, ಅದುಮಿ, ಸಿಡಿಸಬಲ್ಲುದು. ತಿರುಗದೆ ಬಲವಿಲ್ಲ, ಬಲವಿಲ್ಲದೆ ತಿರುಗುವಂತಿಲ್ಲ. ಮೊದಲ ಸುತ್ತನ್ನು ಬೇರೆಯವರೇ ತಿರುಗಿಸಿಕೊಡಬೇಕು.

ಆದರೆ ಉಗಿ ಏರುವವರೆಗೆ ಗಂಟೆಗಟ್ಟಲೆ ಕಾಯಬೇಕಲ್ಲ! ಈ ಕಾಯುವಿಕೆ ಎಲ್ಲಿಯಾದರೂ ಸಹಿಸಲಾಗದ್ದಾದರೆ ಅದು ಬೆಂಕಿ ಬಿದ್ದಲ್ಲಿ. ಆದುದರಿಂದಲೇ ನಿಜಾಮರ ರೈಲ್ವೆಯವರು, ತಮ್ಮ ಬಳಿ ಬೇಕಾದಷ್ಟು ಉಗಿಯಿದ್ದರೂ, ಪೆಟ್ರೋಲಿನಿಂದ ನಡೆಯುವ ಬೆಂಕಿ ಆರಿಸುವ ಬಂಡಿಯನ್ನು ತರಿಸಿಕೊಂಡದ್ದರಲ್ಲಿ ಅರ್ಥವಿದೆ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ದಾರಿ ಆ ರೈಲ್ವೆಯದೇ. ಇಂಗ್ಲೆಂಡಿನ ಜಾನ್ ಮಾರಿಸ್ ಕಂಪನಿ ೧೯೧೪ರಲ್ಲಿ ತಯಾರಿಸಿದ ಆ ಕೆಂಪು ಬಂಡಿ ಈಗ ಇಲ್ಲಿದೆ. ಸ್ಟೇಟ್ಸ್‌ಮನ್ ಪತ್ರಿಕೆಯವರು ೧೯೬೪ರಲ್ಲಿ ಮೊದಲುಮಾಡಿದ ಹಳೆಯ ಕಾರುಗಳ ಓಟದಲ್ಲಿ ಅದು ಎಷ್ಟೋ ಸಲ ಭಾಗವಹಿಸಿದೆ. ರೈಲು ಸಂಗ್ರಹಾಲಯದಲ್ಲಿದ್ದುಕೊಂಡು ಬೀದಿಯಲ್ಲಿ ಓಡುವ ವಸ್ತು ಇದು.

ಹಳೆಯ ಯಂತ್ರಗಳನ್ನು ಹೀಗೆ ಓಡಿಸಬೇಕೋ, ಕದಲಿಸದೆ ಕಾಪಾಡಬೇಕೋ ಎಂಬ ವಾದ ಇನ್ನೂ ಮುಗಿದಿಲ್ಲ. ಓಡಿಸಿದರೆ ಸವೆಯುತ್ತದೆ; ಸವೆದದ್ದನ್ನು ಬದಲಿಸುತ್ತ ಹೋದರೆ ಮೂಲ ವಸ್ತುವೇ ಉಳಿಯದು. ನಿಲ್ಲಿಸಿದರೂ ಕ್ಷೇಮವಿಲ್ಲ: ಸಿಲಿಂಡರಿನೊಳಗೆ ತುಕ್ಕು ಹಿಡಿಯುತ್ತದೆ, ಪೆಟ್ರೋಲು ಅಂಟಾಗಿ ಕೊಳವೆಗಳನ್ನು ಕಟ್ಟುತ್ತದೆ, ಟೈರು ಒಂದೇ ಮಗ್ಗುಲಲ್ಲಿ ಚಪ್ಪಟೆಯಾಗುತ್ತದೆ. ಬಾಯ್ಲರಿನ ವಿಷಯದಲ್ಲಿ ಪ್ರಾಣದ ಪ್ರಶ್ನೆಯೇ ಇದೆ. ಒಳಗೆ ತೆಳುವಾದ ತಗಡು ಹೊರಗೆ ಕಾಣಿಸದು. ಆದುದರಿಂದ ಬೆಂಕಿಯಿಡುವ ಮೊದಲು ಅದಕ್ಕೆ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಹಾಕಿ ಪರೀಕ್ಷಿಸುತ್ತಾರೆ. ನೀರೇ ಏಕೆಂದರೆ, ಅದು ಅದುಮಿದರೂ ಕುಗ್ಗುವುದು ತೀರ ಕಡಮೆ. ತಗಡು ಬಿಟ್ಟರೆ ನೀರು ಸೋರುತ್ತದೆ. ಉಗಿ ತುಂಬಿ ಪರೀಕ್ಷಿಸಹೋದರೆ ಬಾಯ್ಲರೇ ಸಿಡಿಗುಂಡಾಗುತ್ತದೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಒಂದೇ ಒಂದು ಉಳಿದಿರುವುದನ್ನು ನಿಲ್ಲಿಸಿಯೂ, ಹಲವು ಉಳಿದಿರುವುದರಲ್ಲಿ ಒಂದನ್ನು ಓಡಿಸಿಯೂ ಕಾಪಾಡುವುದು ಲೇಸು. ಓಡದ ಯಂತ್ರದೊಡನೆ ಅದನ್ನು ಓಡಿಸಬಲ್ಲ ಕೈಗಳೂ ಇಲ್ಲವಾಗುತ್ತವೆ.

೧೮೯೯ರ ಮೈಸೂರು ಮಹಾರಾಜರ ಸಲೂನು ಗಾಡಿಯನ್ನು ನೋಡಿ ನಮ್ಮೂರವರನ್ನು ಕಂಡಷ್ಟು ಸಂತೋಷಪಟ್ಟು ಮುಂದೆ ನಡೆದೆವು. ಕೊನೆಯಲ್ಲಿ ಕಂಡದ್ದು ಪಟಿಯಾಲಾ ಸಂಸ್ಥಾನದ ಒಂಟಿಕಂಬಿಯ ರೈಲು. ಅಂದಿನ ನಮ್ಮ ಎರಡು ವಿಷಯಗಳೂ ಅದೊಂದರಲ್ಲಿಯೇ ಕೂಡಿದ್ದುವು. ರಸ್ತೆಯ ಅಂಚಿನಲ್ಲಿ ಒಂದೇ ಕಂಬಿ. ಅದರ ಮೇಲೆ ಎರಡೂ ಕಡೆ ಏಣುಳ್ಳ ಗಾಲಿಗಳು. ಬಂಡಿ ಮಗುಚದಂತೆ ಪಕ್ಕಕ್ಕೆ ಚಾಚಿದ ದೊಡ್ಡ ಗಾಲಿಯೊಂದು ಬೀದಿಯ ಮೇಲೆ ಉರುಳುತ್ತದೆ. ಭಾರದಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಪಾಲು ಕಂಬಿಯ ಮೇಲೆ, ಉಳಿದದ್ದು ಬೀದಿಯ ಮೇಲೆ. ಮಣ್ಣುರಸ್ತೆಯಲ್ಲಿ ಟನ್ನಿಗೆ ಐವತ್ತು ಕಿಲೋಗ್ರಾಂ ತಡೆಯೆಂದಿಟ್ಟುಕೊಂಡರೆ, ಈ ಏರ್ಪಾಡಿನಲ್ಲಿ ಕಂಬಿಗೆ ಎರಡು, ಬೀದಿಗೆ ಎರಡೂವರೆ, ಒಟ್ಟು ನಾಲ್ಕೂವರೆ ಕಿಲೋಗ್ರಾಂ ಮಾತ್ರ. ಸಂಸ್ಥಾನದ ಹೇಸರಗತ್ತೆಗಳು ಇದನ್ನು ಸಲೀಸಾಗಿ ಎಳೆದುವೆಂಬುದರಲ್ಲಿ ಆಶ್ಚರ್ಯವಿಲ್ಲ. ಬರ್ಲಿನ್ನಿನ ಓರೆನ್‌ಸ್ಟೀನ್ ಮತ್ತು ಕೊಪ್ಪೆಲ್ ಕಂಪನಿಯಿಂದ ನಾಲ್ಕು ಉಗಿ ಎಂಜಿನುಗಳನ್ನೂ ತರಿಸಿದರು.

೧೯೦೭ರಲ್ಲಿ ಪ್ರಾರಂಭವಾದ ಈ ರೈಲು, ರಸ್ತೆಗಳು ಸುಧಾರಿಸಿ ಮೋಟಾರುಗಳು ಬಂದ ಮೇಲೆ, ೧೯೨೭ರಲ್ಲಿ ನಿಂತುಹೋಯಿತು. ಫೋರ್ಡಿನ "ಟಿ" ಕಾರು ನಿಂತದ್ದೂ ಅದೇ ವರ್ಷ. ಮೂವತ್ತೈದು ವರ್ಷಗಳ ಅನಂತರ, ೧೯೬೨ರಲ್ಲಿ, ಮೈಕ್ ಸ್ಯಾಟೋ ಎಂಬ ಇಂಗ್ಲಿಷ್ ರೈಲುಪ್ರೇಮಿ ಪಟಿಯಾಲಾದ ಲೋಕೋಪಯೋಗಿ ಇಲಾಖೆಯ ಅಂಗಳದಲ್ಲಿ ಇದರ ಅವಶೇಷಗಳನ್ನು ಕಂಡುಹಿಡಿದರು. ಅಮೃತಸರದ ರೈಲ್ವೆ ಕಾರ್ಖಾನೆಯಲ್ಲಿ ಅದು ದುರಸ್ತಾಯಿತು. ೧೯೭೭ರಲ್ಲಿ ತೆರೆದ ಈ ಸಂಗ್ರಹಾಲಯದ ಅಂಗಳದಲ್ಲಿ ಮತ್ತೆ ಉಗಿಯೇರಿಸಿಕೊಂಡು ಜನರನ್ನು ಕೂರಿಸಿಕೊಂಡು ಓಡಿದ್ದೂ ಉಂಟು.

ಸಂಜೆ ಕಾರುಗಳು ಒಂದೊಂದಾಗಿ ಹೊರಡತೊಡಗಿದುವು. ನಾವು ಬೆಳಗ್ಗೆ ತಳ್ಳಿದ ಕಾರಿನ ಒಡೆಯರು ಮೂತಿ ತೆರೆದು ಇನ್ನೂ ಬಗ್ಗಿಕೊಂಡೇ ಇದ್ದರು. ನಮ್ಮನ್ನು ಕಂಡೊಡನೆ, "ಇನ್ನೊಂದು ಸಲ ಕೈಹಾಕುವಿರಾ?" ಎಂದರು. ವಿದ್ಯಾರ್ಥಿಯು ಕೆಳಗೆ ಬಗ್ಗಿ ಟೈರುಗಳನ್ನು ಒತ್ತಿ ನೋಡಿ, ಗಾಳಿ ಕಡಮೆಯಾಗಿದೆ, ತುಂಬಿಸಿದರೆ ತಡೆ ತಗ್ಗುತ್ತದೆ ಎಂದನು. ತುಂಬಿಸಿ ತಳ್ಳಿದೆವು. ಈ ಸಲ ಮೂವರೇ ಸಾಕಾದೆವು.