ಅಂಜಿಕೆ ಕಾಯ್ದ ಮೊರೇರ ಮನೆಗಳು

"ಬೂಟು ಬಿಚ್ಚಬ್ಯಾಡ್ರಿ, ಇದು ಗುಡಿ ಅಲ್ಲ" ಎಂದರು ಮುಂದೆ ಹೋಗುತ್ತಿದ್ದ ಅಜ್ಜ. ನಾಲ್ಕು ಹೆಜ್ಜೆ ಹಾಕಿ, ತಮಗೆ ತಾವೇ ಹೇಳಿಕೊಂಡಂತೆ, "ಗುಡಿ ಆಗಿದ್ರ ಒಬ್ಬ ಪೂಜಾರಿಯರ ಇರ್ತಿದ್ದ" ಎಂದರು.

ಗಂಗಾವತಿಯಿಂದ ಸುಮಾರು ಹತ್ತು ಕಿಲೊಮೀಟರ್ ದೂರದ ಹಿರೇಬೆಣಕಲ್ ಊರು ದಾಟಿ ನಾವು ಬೆಟ್ಟ ಏರುತ್ತಿದ್ದೆವು. ಜೊತೆಗಿದ್ದದ್ದು ನನ್ನ ಭಾವ. ಲಂಡನ್ನಿನ ಕ್ರೋಯ್ಡನ್‌ನಲ್ಲಿ ಮನೆ ಮಾಡಿಕೊಂಡವರು, ರಜೆಗೆ ಊರಿಗೆ ಬಂದಿದ್ದರು. ಅಜ್ಜನನ್ನು ಊರಿನ ಚಹಾದಂಗಡಿಯಲ್ಲಿ ಯಾರೋ ಜೋಡಿಸಿಕೊಟ್ಟಿದ್ದರು. ನಲವತ್ತು ವರ್ಷ ಕಲ್ಲು ಒಡೆದ ಕೈ ಅವರದು. ಈಗ ಆಡು ಕಾಯುತ್ತಾರೆ. ಕುರುಚಲು ಪೊದೆ, ಕಾದ ಬಂಡೆ, ಮುಳ್ಳು. ಮೇಲೆ ಮುಟ್ಟುವಷ್ಟರಲ್ಲಿ ನಮ್ಮ ಎರಡು ಬಾಟಲಿ ನೀರಲ್ಲಿ ಒಂದು ಖಾಲಿ. ಅಜ್ಜ ಒಂದು ಗುಟುಕೂ ಕುಡಿದಿರಲಿಲ್ಲ.

ಮೇಲೆ ಕಂಡದ್ದು ಒಂದು ಊರು. ಮೂರು ಕಡೆ ಚಪ್ಪಡಿ ನಿಲ್ಲಿಸಿ, ನಾಲ್ಕನೆಯದಕ್ಕೆ ದುಂಡಗಿನ ಕಿಂಡಿ ಕೊರೆದು, ಮೇಲೊಂದು ಚಪ್ಪಡಿ ಮುಚ್ಚಿದ ಮನೆಗಳು ಸಾಲುಸಾಲಾಗಿವೆ. ಕೆಲವು ಆಳೆತ್ತರ ಮೀರಿವೆ, ಕೆಲವು ಮೊಣಕಾಲೆತ್ತರ. ಇಂಥವು ಇಲ್ಲಿ ನಾನೂರರ ಸುಮಾರು ಉಳಿದಿವೆ. ಬದುಕಿದ್ದವರಿಗಲ್ಲ, ಸತ್ತವರಿಗಾಗಿ ಕಟ್ಟಿದವು.

ಇತಿಹಾಸ ಬೇಗ ಹೇಳಿ ಮುಗಿಸುತ್ತೇನೆ. ಈ ಬೆಟ್ಟದ ಮೇಲೆ ನವಶಿಲಾಯುಗದಿಂದಲೇ ಜನರ ಓಡಾಟವಿತ್ತು. ಈ ಕಲ್ಮನೆಗಳಲ್ಲಿ ಹೆಚ್ಚಿನವು ಕಬ್ಬಿಣ ಯುಗದವು, ಅಂದರೆ ಎರಡು ಸಾವಿರ ವರ್ಷಕ್ಕೂ ಹಳೆಯವು. 19ನೇ ಶತಮಾನದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಇವನ್ನು ಹೊರಜಗತ್ತಿಗೆ ತಿಳಿಸಿದ. ನಮ್ಮವರೇ ಆದ ಅ. ಸುಂದರ ಅವರು ದಕ್ಷಿಣ ಭಾರತದ ಕಲ್ಗೋರಿಗಳ ಬಗ್ಗೆ 1975ರಲ್ಲಿ ತಂದ ಪುಸ್ತಕ ಇಂದಿಗೂ ಆಧಾರ. ಜಾಗ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾತ್ಕಾಲಿಕ ಪಟ್ಟಿಗೂ ಸೇರಿತು.

ಅಜ್ಜನಿಗೆ ಇದ್ಯಾವುದೂ ಬೇಕಿಲ್ಲ. ಅವರಿಗೆ ಬೇಕಿದ್ದದ್ದು ಕಲ್ಲು. ಒಂದು ಚಪ್ಪಡಿಯ ಅಂಚಿನ ಮೇಲೆ ಅಂಗೈ ಎಳೆದು ನನ್ನ ಕೈಯನ್ನೂ ಅಲ್ಲಿಗೆ ಒತ್ತಿದರು. ಚಕ್ಕೆ ಎದ್ದ ತಗ್ಗುಗಳು ಬೆರಳಿಗೆ ಸಿಕ್ಕವು. "ಚಾಣದ ಗೆರಿ ಐತೇನ್ ನೋಡ್ರಿ? ಇಲ್ಲ. ಗುಂಡುಕಲ್ಲಿಲೆ ಕುಟ್ಟಿ ಕುಟ್ಟಿ ತಗದಾರ." ಹಾಗಾದರೆ ಇಷ್ಟು ದೊಡ್ಡ ಚಪ್ಪಡಿ ಎಬ್ಬಿಸಿದ್ದು ಹೇಗೆ? ಅಜ್ಜ ಕುಕ್ಕರಗಾಲಲ್ಲಿ ಕೂತು ಪಾಠ ಶುರು ಮಾಡಿದರು. ಹಾಸುಬಂಡೆ ಈರುಳ್ಳಿಯ ಹಾಗೆ, ಪದರು ಪದರು. ಮೇಲೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕಬೇಕು. ಕಲ್ಲು ಕಾದಾಗ ಬಡಿದು ಕಿವಿಗೊಡಬೇಕು. ಗಟ್ಟಿ ಸದ್ದು ಹೋಗಿ ಪೊಳ್ಳು ಸದ್ದು ಬಂದರೆ ಪದರು ಬಿಟ್ಟಿದೆ ಎಂದರ್ಥ. "ಹಪ್ಪಳದಂಗ ಏಳತೈತ್ರಿ. ಆಮ್ಯಾಲ ಹಾರಿ ಹಾಕೂದು." ಅವರೂ ಹಾಗೇ ಎಬ್ಬಿಸುತ್ತಿದ್ದರಂತೆ. ಮಷಿನ್ ಬಂತು, ಕಿವಿಗೆ ಕೆಲಸ ಹೋಯಿತು. ಮಗ ಹೊಸಪೇಟೆಯಲ್ಲಿ ಆಟೊ ಓಡಿಸುತ್ತಾನೆ. ಚಪ್ಪಡಿ ತೆಗೆದ ಜಾಗವೇ ಈಗ ಕೆರೆಯಾಗಿ, ಕಲ್ಮನೆಗಳ ನಡುವೆ ನೀರು ನಿಂತಿದೆ.

ಬಂಡೆಯೊಂದರ ತುದಿಯಲ್ಲಿ ನಗಾರಿಯಾಕಾರದ ಗುಂಡೊಂದಿದೆ. ಬಡಿದರೆ ದೂರದವರೆಗೆ ಕೇಳುತ್ತದಂತೆ. ಭಾವ ಹತ್ತಲು ಹೋದಾಗ ಅಜ್ಜ ಗದರಿದರು. ಅಷ್ಟು ಹೊತ್ತಿನಲ್ಲಿ ಅವರು ಗದರಿದ್ದು ಅದೊಂದೇ ಸಲ.

ಊರವರು ಈ ಕಲ್ಮನೆಗಳನ್ನು ಮೊರೇರ ಮನೆ ಎನ್ನುತ್ತಾರೆ. ಮೊರೇರು ಯಾರು? ಮೂರಡಿ ಎತ್ತರದ ಜನ, ಆನೆಯ ಬಲ. ಬೆಂಕಿ ಮಳೆ ಬರುತ್ತದೆಂದು ತಿಳಿದು ಕಲ್ಲಿನ ಮನೆ ಕಟ್ಟಿ ಒಳಗೆ ಹೊಕ್ಕರು, ಅಲ್ಲೇ ಸತ್ತರಂತೆ. "ನಮ್ಮವ್ವ ಹೇಳ್ತಿದ್ಲು, ಹೊತ್ತು ಮುಣುಗಿದ ಮ್ಯಾಲ ಅಲ್ಲಿ ಹೋದ್ರ ಕಿಂಡಿಯಾಗಿಂದ ಕೈ ಬರತಾವು ಅಂತ. ಆಡು ತಪ್ಪಿಸಿಕೊಂಡ್ರ ಮುಂಜಾನಿತನಕ ಹುಡುಕಾಕ ಹೋಗ್ತಿದ್ದಿಲ್ಲ."

ಈಗ?

"ಈಗಿನ ಹುಡುಗರಿಗೆ ಯಾತರ ಅಂಜಿಕಿ? ಮ್ಯಾಲ ಹತ್ತಿ ಕುಂತು ರೀಲ್ಸ್ ಮಾಡ್ತಾವು."

ರೀಲ್ಸಿನವರಾದರೂ ಬೇಕು. ಬೇಡದವರು ನಿಧಿಗಳ್ಳರು. ಬಂಗಾರವಿದೆಯೆಂದು ಎಷ್ಟೋ ಕಲ್ಮನೆಗಳ ನೆಲ ಅಗೆದಿದ್ದಾರೆ. ಬುಡದ ಮಣ್ಣು ಹೋದರೆ ನಿಂತ ಚಪ್ಪಡಿ ವಾಲುತ್ತದೆ, ಹೊದಿಕೆ ಜಾರುತ್ತದೆ. ಹಾಗೆ ಜಾರಿ ಮುರಿದ ಒಂದರ ಮೇಲೆ ಬಿಳಿ ಬಣ್ಣದಲ್ಲಿ ಇಬ್ಬರು ಪ್ರೇಮಿಗಳ ಹೆಸರು ಓದಿದೆ. ನಾವು ಹೋದ ದಿನ ಬೆಟ್ಟದ ಮೇಲೆ ಕಾವಲಿನವರು ಒಬ್ಬರೂ ಕಾಣಲಿಲ್ಲ.

ಹೆಸರು ನೋಡಿ ಭಾವ ನಕ್ಕರು. ಅವರ ಮನೆಯಿಂದ ಕಾರಿನಲ್ಲಿ ಹೋಗಿ ಬರಬಹುದಾದ ಕೆಂಟ್ ಸೀಮೆಯಲ್ಲಿ, ಏಲ್ಸ್‌ಫರ್ಡ್ ಹತ್ತಿರ, ಕಿಟ್ಸ್ ಕೋಟಿ ಹೌಸ್ ಎಂಬ ನವಶಿಲಾಯುಗದ ಕಲ್ಗೋರಿಯಿದೆ. ಮೂರು ನಿಂತ ಕಲ್ಲು, ಮೇಲೊಂದು ಹಾಸುಕಲ್ಲು, ಅಷ್ಟೇ. ಅದರ ಮೈಮೇಲೂ ಹೋದವರೆಲ್ಲ ಹೆಸರು ಕೆತ್ತಿದ್ದಾರೆ. 1882ರಲ್ಲಿ ಬ್ರಿಟನ್ ತನ್ನ ಮೊದಲ ಪ್ರಾಚೀನ ಸ್ಮಾರಕ ಕಾಯ್ದೆ ತಂದಾಗ ಪಟ್ಟಿಯಲ್ಲಿ ಅದೂ ಇತ್ತು. ಸುತ್ತ ಕಬ್ಬಿಣದ ಬೇಲಿ ಬಂತು. "ಜೈಲಿನಲ್ಲಿಟ್ಟ ಹಾಗೆ ಕಾಣುತ್ತದೆ. ಆದರೆ ಇದೆಯಲ್ಲ" ಎಂದರು ಭಾವ. ಒಂದು ಗೋರಿಗೆ ಬೇಲಿ ಹಾಕಬಹುದು, ಒಂದು ಬೆಟ್ಟಕ್ಕೆ ಹೇಗೆ ಹಾಕುವುದು ಎಂಬ ನನ್ನ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ನನಗನಿಸಿದ್ದು ಇಷ್ಟು: ಈ ಬೆಟ್ಟವನ್ನು ಇಷ್ಟು ಕಾಲ ಕಾಯ್ದದ್ದು ಅಜ್ಜನ ಅವ್ವ ಹೇಳಿದ ಕತೆ. ಅದರ ಜಾಗಕ್ಕೆ ಬೇಲಿ ಸಾಲದು, ಊರಿನ ನಾಲ್ಕು ಜನರಿಗೆ ಸಂಬಳದ ಕೆಲಸ ಕೊಡಬೇಕು. ಕಲ್ಲಿನ ಸದ್ದು ಗೊತ್ತಿರುವವರು ಊರಲ್ಲಿ ಇನ್ನೂ ಇದ್ದಾರೆ.

ಹೋಗುವವರು ಚಳಿಗಾಲದ ಬೆಳಿಗ್ಗೆ ಹೋಗಿ. ತಲೆಗೆ ಎರಡು ಬಾಟಲಿ ನೀರು ಬೇಕೇ ಬೇಕು. ಹೊದಿಕೆ ಕಲ್ಲಿನ ಮೇಲೆ ಕೂರಬೇಡಿ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಇಳಿದ ಮೇಲೆ ಒಂದು ದಿನದ ಪೂರ್ತಿ ಕೂಲಿ ಕೊಡಿ. ಅಜ್ಜ ನಮ್ಮಿಂದ ಚಹಾ ಮಾತ್ರ ಕುಡಿದರು. ದುಡ್ಡು ಒತ್ತಾಯ ಮಾಡಿಯೇ ಕಿಸೆಗೆ ಹಾಕಬೇಕಾಯಿತು.